ಎಂಟನೇ ಮೆಟ್ಟಿಲಿನ ವೈದ್ಯೆ

ಭಾನುವಾರ, ಹದಿನಾಲ್ಕನೇ ತಾರೀಖು

ಅಣ್ಣಾ,

ಮೊದಲು ಗಾಬರಿ ಬೀಳಬೇಡ. ನಾನು ಚೆನ್ನಾಗಿದೀನಿ. ಜ್ವರ ಇಲ್ಲ, ಕೆಲಸ ಹೋಗಿಲ್ಲ, ಯಾರಿಗೂ ಹೊಡೆದಿಲ್ಲ. ಎರಡು ವರ್ಷದಿಂದ ಅಮ್ಮನ ಫೋನಲ್ಲಿ "ಅಣ್ಣನ್ನೂ ಕೇಳ್ದೆ ಅಂತ ಹೇಳು" ಅನ್ನೋದು ಬಿಟ್ಟರೆ ನಿನ್ನ ಹತ್ತಿರ ಒಂದು ಮಾತೂ ಆಡದವಳು ಇಷ್ಟುದ್ದ ಪತ್ರ ಹಾಕಿದರೆ ಗಾಬರಿ ಆಗೋದು ಸಹಜ. ಆಗಲಿ ಬಿಡು, ಸ್ವಲ್ಪ ಆಗಲಿ.

ನಾನು ಗೊತ್ತಲ್ಲ, ಕೂತಲ್ಲಿ ಕೂರೋಳಲ್ಲ. ಪೆನ್ನು ಹಿಡಿದರೆ ನಾಲ್ಕನೇ ಸಾಲಿಗೆ ಎದ್ದು ಹೋಗ್ತೀನಿ. ಅದಕ್ಕೆ ಈ ವಾರವೆಲ್ಲ ರೂಮಿನವಳು ಮಲಗಿದ ಮೇಲೆ ತಾರಸಿಗೆ ಬಂದು, ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡ್ತಾ, ನಿನಗೆ ಹೇಳಬೇಕಾದ್ದನ್ನೆಲ್ಲ ಫೋನಿಗೆ ಹೇಳಿ ಇಟ್ಟೆ. ಈಗ ಅದನ್ನೇ ಕೇಳಿಸ್ಕೊಂಡು ಕಾಗದದ ಮೇಲೆ ಇಳಿಸ್ತಿದೀನಿ. ನಿನ್ನ ಬೈದಿರೋ ಕಡೆ ಸ್ವಲ್ಪ ಕಡಿಮೆ ಮಾಡಿದೀನಿ. ಪೂರ್ತಿ ತೆಗೆದಿಲ್ಲ.

ವಿಷಯ ಆಟದ್ದು. ಹೌದು, ಅದೇ ಆಟ.

ಇಲ್ಲಿ ನಾನೊಂದು ಲಾಂಡ್ರಿಯಲ್ಲಿದೀನಿ. ಬೀದಿ ಬದಿ ಇಸ್ತ್ರಿ ಅಂಗಡಿ ಅಂದ್ಕೋಬೇಡ. ದೊಡ್ಡ ಶೆಡ್ಡು, ಆಸ್ಪತ್ರೆ, ಹೋಟೆಲುಗಳ ಬೆಡ್‌ಶೀಟೆಲ್ಲ ಇಲ್ಲಿಗೇ ಬರೋದು. ನನ್ನದು ಮಡಿಸೋ ಕೆಲಸ. ಬಿಸಿ ರೋಲರಿನಿಂದ ಹೊರಗೆ ಬರೋ ಬೆಡ್‌ಶೀಟನ್ನ ಇಬ್ಬರು ಎರಡು ತುದಿ ಹಿಡಿದು, ಹತ್ತಿರ ಬಂದು, ಮೂಲೆಗೆ ಮೂಲೆ ಕೂಡಿಸಿ, ಹಿಂದೆ ಸರಿದು, ಮತ್ತೆ ಹತ್ತಿರ ಬರಬೇಕು. ದಿನಕ್ಕೆ ಆರುನೂರು ಸಲ. ನನ್ನ ಜೋಡಿ ಒಬ್ಬಾಕೆ ಇದಾಳೆ, ಐವತ್ತು ದಾಟಿದವಳು, ನೀನು ಕೈ ಎತ್ತಿದರೆ ಎಷ್ಟೋ ಅಷ್ಟು ಉದ್ದ. ಎಲ್ಲರೂ ಚಿಕ್ಕಮ್ಮ ಅಂತಾರೆ, ನಾನೂ ಅಂತೀನಿ. ಮೊದಲ ಆರು ತಿಂಗಳು ಅವಳ ಜೊತೆ ಲಕ್ಷ ಸಲ ಹತ್ತಿರ ಬಂದು ಹಿಂದೆ ಹೋಗಿದೀನಿ, ಹತ್ತು ಮಾತು ಆಡಿಲ್ಲ. ಯಾಕೆ ಆಡಬೇಕು? ಇದಕ್ಕೂ ಮುಂಚೆ ಮೂರು ಊರು, ಮೂರು ಕೆಲಸ ಬಿಟ್ಟು ಬಂದವಳು ನಾನು. ಮಂಚದ ಕೆಳಗೆ ಬ್ಯಾಗು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ದಿನಾ ಬೆಳಿಗ್ಗೆ ಅದರಿಂದ ಬಟ್ಟೆ ತೆಗೀತಿದ್ದೆ, ಸಂಜೆ ಅದಕ್ಕೇ ತುರುಕ್ತಿದ್ದೆ.

ಒಂದು ದಿನ ಮಡಿಸ್ತಾ ಮಡಿಸ್ತಾ ನನಗೇ ಗೊತ್ತಿಲ್ಲದೆ ಬಾಯಿ ಬಿಟ್ಟು ಏನೋ ಗೊಣಗಿದೀನಿ. ಚಿಕ್ಕಮ್ಮ ಬೆಡ್‌ಶೀಟು ಹಿಡ್ಕೊಂಡೇ ನಿಂತುಬಿಟ್ಟಳು. ಯಾರನ್ನ ಸಾಯಿಸ್ತಿದೀಯಾ ಪುಟ್ಟಿ ಅಂದಳು. ಘಟಸರ್ಪನ್ನ ಅಂದೆ. ಇನ್ನೇನು ಹೇಳಲಿ, ಅದೇ ಆಗಿತ್ತು. ನಮ್ಮ ಕೊನೆ ಆಟದ ಆ ಘಟಸರ್ಪನ್ನ ನಾನು ಮನಸ್ಸಲ್ಲೇ ಎರಡು ವರ್ಷದಿಂದ ಮತ್ತೆ ಮತ್ತೆ ಸಾಯಿಸ್ತಾನೇ ಇದೀನಿ. ಚಿಕ್ಕಮ್ಮ ನಗಲಿಲ್ಲ. ಸತ್ತಿತಾ ಅಂತ ಕೇಳಿದಳು.

ಹಾಗೆ ಶುರುವಾಯಿತು. ಊಟದ ಹೊತ್ತಲ್ಲಿ ಅವಳಿಗೆ ವಿವರಿಸಿದೆ: ಇಲ್ಲದ ಒಂದು ದೇಶ, ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ. ನೀನು ಏನು ಮಾಡ್ತೀಯಾ ಅಂತ ನೀನೇ ಹೇಳೋದು, ಆಗುತ್ತೋ ಇಲ್ವೋ ಅಂತ ದಾಳ ಹೇಳೋದು. ಗಾಯ ಆದರೆ ಉಸಿರು ಕಮ್ಮಿಯಾಗುತ್ತೆ. ಗೆದ್ದರೆ ಪಾತ್ರ ಒಂದೊಂದೇ ಮೆಟ್ಟಿಲು ಹತ್ತುತ್ತೆ, ಮೆಟ್ಟಿಲು ಹತ್ತಿದಷ್ಟೂ ಬಲ ಜಾಸ್ತಿ. ಪಕ್ಕದಲ್ಲಿ ಊಟ ಮಾಡ್ತಿದ್ದ ಬಾಯ್ಲರ್ ನೋಡ್ಕೊಳ್ಳೋ ಮಾಮ, ಬಟ್ಟೆ ಗಂಟು ತರೋ ವ್ಯಾನಿನ ಡ್ರೈವರ್ ಹುಡುಗ ಇಬ್ಬರೂ ಕಿವಿ ಕೊಟ್ಟಿದ್ದರು. ಇಲ್ಲಿ ಹೆಸರು ಕೇಳೋ ಪದ್ಧತಿ ಇಲ್ಲ, ಅವರು ಬಾಯ್ಲರ್ ಮಾಮ ಮತ್ತು ವ್ಯಾನು. ಮಾಮ ಗದೆ ಹಿಡಿದ ವೀರ ಆದ, ವ್ಯಾನು ಕಳ್ಳ ಆದ. ಚಿಕ್ಕಮ್ಮನಿಗೆ ನಾನೇ ಕೊಟ್ಟೆ, ವೈದ್ಯೆ ಪಾತ್ರ. ಕೇಳಲಿಲ್ಲ, ಕೊಟ್ಟೆ.

ವಾರದ ರಜೆಯಲ್ಲಿ ಮಧ್ಯಾಹ್ನ ಹೊಲಿಗೆ ರೂಮು ಖಾಲಿ ಇರುತ್ತೆ. ಹರಿದ ಬೆಡ್‌ಶೀಟಿಗೆ ತೇಪೆ ಹಾಕೋ ದೊಡ್ಡ ಮೇಜು ಇದೆ. ಇಪ್ಪತ್ತು ಮುಖದ ದಾಳ ಎಲ್ಲಿ ತರೋದು? ಬಟ್ಟೆಗಳಿಂದ ಕಿತ್ತುಬಂದ ನಂಬರ್ ಬಿಲ್ಲೆಗಳು ಒಂದು ಡಬ್ಬಿ ತುಂಬ ಇದ್ದವು. ಒಂದರಿಂದ ಇಪ್ಪತ್ತರವರೆಗೆ ಆರಿಸಿ, ಸೋಪಿನಪುಡಿ ಅಳೆಯೋ ಮಗ್ಗಿಗೆ ಹಾಕಿ ಕುಲುಕಿದೆ. ಕಣ್ಣು ಮುಚ್ಚಿ ಕೈ ಹಾಕಿ ಒಂದು ಎತ್ತೋದು. ದಾಳಕ್ಕಿಂತ ಚೆನ್ನಾಗಿದೆ ಅಣ್ಣಾ, ಎದೆ ಹೊಡ್ಕೊಳ್ಳೋಕೆ ಜಾಸ್ತಿ ಟೈಮು ಸಿಗುತ್ತೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ.

ನಿನ್ನ ಆಟದಲ್ಲಿ ಕೊನೆ ಏಟು ಹಾಕಿದವನಿಗೆ ಮೆಟ್ಟಿಲು. ಅದು ನಿನ್ನ ಕಾನೂನು. ನಾನು ವೈದ್ಯೆ. ವೈದ್ಯೆ ಎಲ್ಲಿ ಏಟು ಹಾಕ್ತಾಳೆ? ಗದೆ ಹಿಡಿದ ವೀರನಾಗಿ ಆಡ್ತಿದ್ದ ನಮ್ಮ ಭಾವ ಏಳನೇ ಮೆಟ್ಟಿಲಲ್ಲಿ ಮೀಸೆ ತಿರುವ್ತಿದ್ದ, ನಾನು ಮೂರನೇದರಲ್ಲಿ ಅವನ ಗಾಯ ಒರೆಸ್ತಿದ್ದೆ. ಆ ಘಟಸರ್ಪದ ದಿನ, ನೆನಪಿದೆಯಾ, ನಿನ್ನ ಪೆನ್ಸಿಲ್ಲು ಮುರಿದು ನೀನು ಕೆಂಪು ಪೆನ್ನು ತಗೊಂಡಿದ್ದೆ. ಭಾವನ ಗದೆಯವನು ಮೂರು ಸಲ ನೆಲಕ್ಕೆ ಬಿದ್ದ. ಮೂರು ಸಲವೂ ನಾನೇ ಉಸಿರು ತುಂಬಿ ಎಬ್ಬಿಸಿದೆ. ನಾಲ್ಕನೇ ಸಲ ಅವನು ಏಟು ಹಾಕಿದ, ಘಟಸರ್ಪ ಬಿತ್ತು, ನೀನು ಅವನಿಗೆ ಎಂಟನೇ ಮೆಟ್ಟಿಲು ಅಂದೆ. ನಾನು ಇಲ್ಲಿ ಯಾಕೆ ಕೂತಿದೀನಿ ಅಂತ ಕೇಳಿದೆ. ಅಷ್ಟೇ ಕೇಳಿದ್ದು. ನೀನು ತಲೆ ಎತ್ತದೆ ಏನಂದೆ? "ಆಟ ಕಣೇ ಕುಳ್ಳಿ, ಆಟಕ್ಕೆಲ್ಲ ಅಳ್ತಾರಾ?"

ನಾನು ನಿನ್ನ ಮುಂದೆ ಸಾಲಾಗಿ ಜೋಡಿಸಿಟ್ಟಿದ್ದ ಪಾತ್ರದ ಹಾಳೆಗಳಿಗೆ ಕೈ ಹಾಕಿದೆ. ನೀನು ಕೆಲಸ ಮಾಡೋ ಪ್ರಿಂಟಿಂಗ್ ಪ್ರೆಸ್ಸಿನ ಕಟಿಂಗಲ್ಲಿ ಉಳಿದ ದಪ್ಪ ಹಳದಿ ಕಾಗದದಲ್ಲಿ ಮಾಡ್ಕೊಟ್ಟಿದ್ದವು. ಒಂದನ್ನ ಪರಪರ ಹರಿದು ನಿನ್ನ ಟೀ ಲೋಟಕ್ಕೆ ಹಾಕಿ ಎದ್ದು ಹೋದೆ. ನಾಲ್ಕು ದಿನಕ್ಕೆ ಊರೂ ಬಿಟ್ಟೆ. ಆಟದ ಸಿಟ್ಟಿಗೆ ಯಾರಾದರೂ ಊರು ಬಿಡ್ತಾರಾ ಅಂತ ಅಮ್ಮ ಇವತ್ತಿಗೂ ಕೇಳ್ತಾಳೆ. ಬಿಡಲ್ಲ. ಆದರೆ ಹೊರಡೋಕೆ ತುದಿಗಾಲಲ್ಲಿ ನಿಂತವಳಿಗೆ ಅಷ್ಟು ಸಾಕಿತ್ತು. ಆಮೇಲೆ ಭಾವನ ಹಾಳೆ ಎಲ್ಲೋ ಕಳೆದುಹೋಗಿ, ಅವನು ನಿನ್ನ ಮೇಲೆ ಕೂಗಾಡಿ, ಆಟವೇ ನಿಂತುಹೋಯಿತು ಅಂತಲೂ ಅಮ್ಮನೇ ಹೇಳಿದಳು. ಕೇಳಿ ಸುಮ್ಮನಿದ್ದೆ.

ಇಲ್ಲಿ ನನ್ನ ಆಟದಲ್ಲಿ ನಿನ್ನ ಕಾನೂನು ಬೇಡ ಅಂತ ತೀರ್ಮಾನ ಮಾಡಿದ್ದೆ. ನನ್ನದು ನ್ಯಾಯದ ಆಟ. ಏಟು ಹಾಕಿದರೂ ಮೆಟ್ಟಿಲು, ವೈದ್ಯೆ ಗಾಯ ವಾಸಿ ಮಾಡಿದರೂ ಮೆಟ್ಟಿಲು. ಚಿಕ್ಕಮ್ಮ ಒಬ್ಬರನ್ನ ಎಬ್ಬಿಸಿದಾಗಲೆಲ್ಲ ಅವಳ ಹಾಳೆ ಹಿಂದೆ ಒಂದು ಗೆರೆ. ಹತ್ತು ಗೆರೆಗೆ ಒಂದು ಮೆಟ್ಟಿಲು. ಎಷ್ಟು ಸಮಾಧಾನ ಆಗ್ತಿತ್ತು ಗೊತ್ತಾ ಆ ಗೆರೆ ಎಳೆಯೋವಾಗ!

ಮೂರು ತಿಂಗಳಲ್ಲಿ ಏನಾಯಿತು ಕೇಳು. ಸಾಯಿಸೋದು ಎರಡು ವಾರಕ್ಕೆ ಒಂದು, ಗಾಯ ಆಗೋದು ವಾರಕ್ಕೆ ಆರು. ಚಿಕ್ಕಮ್ಮ ಸರಸರ ಹತ್ತಿದಳು. ಮಾಮ, ವ್ಯಾನು ಇಬ್ಬರೂ ನಾಲ್ಕನೇ ಮೆಟ್ಟಿಲು, ಅವಳು ಎಂಟು. ಅಷ್ಟು ಮೇಲೆ ಹತ್ತಿದವಳಿಗೆ ಸಣ್ಣಪುಟ್ಟ ತೋಳ ತಂದರೆ ಏನು ಸ್ವಾರಸ್ಯ? ಒಂದು ಸೇತುವೆ ಕಾಯೋಕೆ ದೊಡ್ಡ ರಾಕ್ಷಸನ್ನ ತಂದೆ. ಅವನ ಒಂದೇ ಏಟಿಗೆ ಮಾಮ ಮಲಗಿದ. ಅವಳು ಎಬ್ಬಿಸಿದಳು, ಗೆರೆ. ಮತ್ತೆ ಮಲಗಿದ, ಮತ್ತೆ ಗೆರೆ. ಅವಳು ಇನ್ನೂ ಮೇಲೆ, ಅದಕ್ಕೆ ಇನ್ನೂ ದೊಡ್ಡ ರಾಕ್ಷಸ, ಅದಕ್ಕೆ ಇನ್ನೂ ಗಾಯ. ನಾನೇ ಸುತ್ತಿದ ದಾರದಲ್ಲಿ ನಾನೇ ಸಿಕ್ಕಿಹಾಕ್ಕೊಂಡೆ. ವ್ಯಾನು ಕಿಲಾಡಿ, ಬೇಗ ಕಂಡುಹಿಡಿದ. ಒಂದು ವಾರ ಸುಮ್ಮಸುಮ್ಮನೆ ಪಾಳುಬಾವಿಗೆ ಹಾರಿದ. ಯಾಕೋ ಅಂದರೆ, "ಚಿಕ್ಕಮ್ಮಂಗೆ ಒಂದು ಗೆರೆ ಕಮ್ಮಿ ಇತ್ತಲ್ಲ, ಪಾಪ" ಅಂದ. ಎಲ್ಲರೂ ನಕ್ಕರು. ಮಾಮ ನಗಲಿಲ್ಲ.

ಹೋದ ತಿಂಗಳ ಕೊನೆ ಭಾನುವಾರ ಮಾಮ ಐದನೇ ಸಲ ಬಿದ್ದ. ಚಿಕ್ಕಮ್ಮ ಎಬ್ಬಿಸ್ತೀನಿ ಅಂದಳು. ಮಾಮ ಹಾಳೆ ಬೋರಲು ಹಾಕಿ, ಎರಡೂ ಕೈ ಅದರ ಮೇಲಿಟ್ಟ. ಹಬೆ ಪೈಪಿನ ಮಧ್ಯೆ ಇಪ್ಪತ್ತು ವರ್ಷ ಕೆಲಸ ಮಾಡಿದ ಮನುಷ್ಯ, ದನಿ ಯಾವಾಗಲೂ ಜೋರು. ಅವತ್ತು ಮೆಲ್ಲಗೆ ಕೇಳಿದ: "ಅಲ್ಲಮ್ಮ, ಬೀಳೋದು ಒಂದೇ ನನ್ನ ಕೆಲಸ ಆದ್ರೆ, ನಾನು ಇಲ್ಲಿ ಯಾಕೆ ಕೂತಿದೀನಿ?"

ಅಣ್ಣಾ, ನನಗೆ ಆಗ ಏನು ಬಾಯಿಗೆ ಬರಬೇಕಿತ್ತು ಹೇಳು. ಬಂದಿದ್ದು ಮಾತ್ರ ಇದು: "ಆಟ ಅಲ್ವಾ ಮಾಮ, ಆಟಕ್ಕೆಲ್ಲ ಬೇಜಾರು ಮಾಡ್ಕೊಳ್ತಾರಾ?"

ನಿನ್ನ ಮಾತು. ನಿನ್ನದೇ ರಾಗ. ನಾನೂ ತಲೆ ಎತ್ತಿರಲಿಲ್ಲ, ಗೆರೆ ಎಳೀತಿದ್ದೆ.

ಮುಂದಿನ ಭಾನುವಾರ ಮಾಮ ಬರಲಿಲ್ಲ. ವ್ಯಾನು ಬಂದು ಐದು ನಿಮಿಷ ಫೋನು ನೋಡಿ, ಟೈರು ಚೆಕ್ ಮಾಡಬೇಕು ಅಂತ ಹೋದ. ನಾನು, ಚಿಕ್ಕಮ್ಮ, ಒಂದು ಮಗ್ಗು. ನಾನು ರೂಮಿಗೆ ಹೋಗಿ ಬ್ಯಾಗಿನ ಜಿಪ್ ಎಳೆದೆ. ನಾಲ್ಕು ಊರಲ್ಲಿ ಇದೊಂದೇ ಮೇಜಿನ ಸುತ್ತ ನನಗೆ ಅಂತ ಒಂದು ಕುರ್ಚಿ ಇದ್ದದ್ದು, ಅದನ್ನೂ ನಾನೇ ಮುರಿದೆ ಅನ್ನಿಸಿತು. ಸೋಮವಾರ ಸೂಪರ್‌ವೈಸರಿಗೆ ಹೇಳಿಯೂ ಬಿಟ್ಟೆ, ತಿಂಗಳ ಕೊನೆಗೆ ಬಿಡ್ತೀನಿ ಅಂತ. ಅಮ್ಮನಿಗೆ ಹೇಳಿಲ್ಲ. ನೀನೂ ಹೇಳಬೇಡ, ಈಗ ಅವಶ್ಯಕತೆ ಇಲ್ಲ.

ಗುರುವಾರ ಮಡಿಸೋವಾಗ ನನ್ನ ಕೈ ನಡೀತಿರಲಿಲ್ಲ. ಚಿಕ್ಕಮ್ಮ ಒಂದು ಬೆಡ್‌ಶೀಟು ತಗೊಂಡು ಬೇಕಂತಲೇ ತನ್ನ ಭುಜದ ಎತ್ತರಕ್ಕೆ ಹಿಡಿದಳು. ನನ್ನ ಕಡೆ ಎಲ್ಲ ಸೊಟ್ಟಗಾಯಿತು, ಒಂದು ಅಂಚು ನೆಲ ಗುಡಿಸಿತು. ಚಿಕ್ಕಮ್ಮಾ ಅಂತ ಕೂಗಿದೆ, ಅದನ್ನ ಮತ್ತೆ ಒಗೀಬೇಕಾಗುತ್ತಲ್ಲ. ಅವಳು ತಣ್ಣಗೆ, ನನ್ನ ಎತ್ತರ ಇಷ್ಟು, ನಾನೇನು ಮಾಡಲಿ ಅಂದಳು. ಆಮೇಲೆ ಸೊಂಟದ ಹತ್ತಿರಕ್ಕೆ ಇಳಿಸಿದಳು, ದಿನಾ ಹಿಡಿಯೋ ಹಾಗೆ. ಒಂದು ವರ್ಷದಿಂದ ಅವಳು ನನಗೋಸ್ಕರ ಬಗ್ಗಿ ಕೆಲಸ ಮಾಡ್ತಿದಾಳೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

"ನನಗೆ ಎಂಟನೇ ಮೆಟ್ಟಿಲು ಬೇಡ ಪುಟ್ಟಿ," ಅಂದಳು. "ಮೇಲೆ ಒಬ್ಬಳೇ ಕೂತು ಏನು ಮಾಡ್ಲಿ, ಗಾಳಿ ಕುಡೀಲಾ?"

ನ್ಯಾಯ ಚಿಕ್ಕಮ್ಮ ಅದು, ನೀವು ದುಡಿದಿದ್ದು ಅಂದೆ. ಅದಕ್ಕೆ ಅವಳು ಹೇಳಿದ್ದನ್ನ ಹಾಗೇ ಬರೀತೀನಿ. "ಯಾರ ನ್ಯಾಯ? ನನ್ನನ್ನ ಕೇಳಿದ್ಯಾ? ಮನೇಲಿ ಎಂಟು ಜನಕ್ಕೆ ಬೇಯಿಸಿ, ಒಗೆದು, ಜ್ವರ ಬಂದ್ರೆ ಹಣೆ ಒತ್ತಿ ಬಂದವಳು ನಾನು. ಆಟದಲ್ಲೂ ಊರವರ ಗಾಯ ತೊಳೀತಾ ಕೂರ್ಬೇಕಾ? ನಂಗೂ ಒಂದ್ಸಲ ಯಾರಿಗಾದ್ರೂ ಸರಿಯಾಗಿ ಬಾರಿಸೋ ಆಸೆ ಕಣೇ!"

ರೋಲರಿನ ಆ ಕಡೆಯಿಂದ ಇನ್ನೂ ನಾಲ್ಕು ಬೆಡ್‌ಶೀಟು ಬಂದು ರಾಶಿ ಬಿದ್ದವು. ನಾನು ನಗ್ತಾ ಇದ್ದೆನೋ ಅಳ್ತಾ ಇದ್ದೆನೋ ನೆನಪಿಲ್ಲ. ನನ್ನ ಎರಡು ವರ್ಷದ ಸಿಟ್ಟನ್ನ ಈ ಹೆಂಗಸಿನ ಹೆಗಲಿಗೆ ಹಾಕಿ, ಅದಕ್ಕೆ ನ್ಯಾಯ ಅಂತ ಹೆಸರಿಟ್ಟಿದ್ದೆ.

ಸಂಜೆ ಬಾಯ್ಲರ್ ರೂಮಿಗೆ ಹೋದೆ. ಮಾಮ ಮೀಟರ್ ನೋಡ್ತಾ ನಿಂತಿದ್ದ. ತಪ್ಪಾಯ್ತು ಮಾಮ ಅಂದೆ. ಅವನು ಹಬೆ ಸದ್ದಲ್ಲಿ ಕೇಳಿಸಲಿಲ್ಲ ಅಂತ ಕಿವಿ ತೋರಿಸಿದ. ಜೋರಾಗಿ ಹೇಳಿದೆ. ಮತ್ತೆ ಕಿವಿ ತೋರಿಸಿದ. ಮೂರನೇ ಸಲ ಕಿರುಚಿದ ಮೇಲೆ ಅವನ ಮುಖದಲ್ಲಿ ನಗು ಬಂತು. ಮೊದಲನೇ ಸಲವೇ ಕೇಳಿಸಿತ್ತು ಅವನಿಗೆ. ಭಾನುವಾರ ಬರ್ತೀನಿ, ಆದ್ರೆ ಬೀಳೋಕಲ್ಲ ಅಂದ.

ಇವತ್ತೇ ಆ ಭಾನುವಾರ.

ಚಿಕ್ಕಮ್ಮನೇ ಉಪಾಯ ತಂದಿದ್ದಳು. ಎಂಟು, ನಾಲ್ಕು, ನಾಲ್ಕು, ಒಟ್ಟು ಹದಿನಾರು ಮೆಟ್ಟಿಲು. ಯಾರದನ್ನೂ ಅಳಿಸೋದು ಬೇಡ, ನನ್ನ ವೈದ್ಯೆ ತನ್ನದನ್ನ ತಾನೇ ಹಂಚ್ತಾಳೆ ಅಂದಳು. ಕಥೆಯಲ್ಲಿ ಬಿದ್ದಿದ್ದ ಮಾಮನ ವೀರನ ಎದೆ ಮೇಲೆ ಕೈ ಇಟ್ಟು ಒಂದು ಮೆಟ್ಟಿಲು ಕೊಟ್ಟಳು, ಅವನು ಎದ್ದ. ಕಳ್ಳನಿಗೆ ಒಂದು ಕೊಟ್ಟಳು. ಮೂವರಿಗೂ ಐದೈದು ಬಂದು ಒಂದು ಉಳಿಯಿತು. ವ್ಯಾನು ಕೈ ಚಾಚಿ, ಅದು ಇತ್ಲಾಗಿರ್ಲಿ, ಕಳ್ಳ ನಾನೇ ಅಲ್ವಾ ಅಂದ. ಚಿಕ್ಕಮ್ಮ ಅವನ ಕೈ ಮೇಲೆ ಪಟ್ಟಂತ ಹೊಡೆದು, ಆ ಒಂದನ್ನ ಸೇತುವೆ ಕಾಯೋ ರಾಕ್ಷಸನಿಗೆ ಸುಂಕ ಅಂತ ಕೊಟ್ಟಳು. ನಾನು ಯೋಚಿಸಿಯೇ ಇರಲಿಲ್ಲ. ರಾಕ್ಷಸ ಏನು ಮಾಡ್ತಾನೆ ಅಂತ ಮೂವರೂ ನನ್ನ ಮುಖ ನೋಡಿದರು. ಅವನು ಹಿಂದೆ ಸರಿದು ದಾರಿ ಬಿಟ್ಟ ಅಂದೆ. ಎಷ್ಟೋ ವಾರದಿಂದ ದಾಟೋಕೆ ಆಗದೇ ಇದ್ದ ಸೇತುವೆ ಅಣ್ಣಾ.

ಇನ್ನು ಮುಂದೆ ಕೊನೆ ಏಟಿಗೂ ಇಲ್ಲ, ಗಾಯಕ್ಕೂ ಇಲ್ಲ. ಕಥೆ ಒಂದು ದೊಡ್ಡ ಜಾಗ ದಾಟಿದರೆ ಎಲ್ಲರಿಗೂ ಒಂದೇ ಸಲ ಒಂದು ಮೆಟ್ಟಿಲು. ಬಂದವರಿಗೂ, ಪಾಳಿ ಇದ್ದು ಬರೋಕೆ ಆಗದವರಿಗೂ. ಇದೇ ಸರಿ ಅಂತ ನಾನು ಹೇಳ್ತಿಲ್ಲ. ವ್ಯಾನಿಗೆ ಈಗಲೇ ಗೊಣಗಾಟ ಶುರುವಾಗಿದೆ, ಹಾಗಾದ್ರೆ ನಾನ್ಯಾಕೆ ಕಷ್ಟಪಡ್ಲಿ ಅಂತ. ಅದಕ್ಕೆ ಇನ್ನೇನೋ ಹುಡುಕಬೇಕು. ನೋಡೋಣ.

ಸೇತುವೆ ಆಚೆ ಮೂರು ಜನ ಐದನೇ ಮೆಟ್ಟಿಲವರಿಗೆ ಸರಿಹೋಗೋ ಅಂಥ ಒಂದು ಗುಹೆಯ ಕರಡಿ ಇಟ್ಟಿದ್ದೆ. ಎಷ್ಟು ಹೆದರಿದರು ಗೊತ್ತಾ! ಈಗ ಸಾಯೋ ಭಯ ಮೂವರಿಗೂ ಒಂದೇ ಅಳತೆಯಲ್ಲಿತ್ತು. ಮಾಮನಿಗೆ ಒಂದೇ ಒಂದು ಉಸಿರು ಉಳೀತು, ಆದರೂ ಚಿಕ್ಕಮ್ಮನ ಮುಂದೆ ಗುರಾಣಿ ಹಿಡಿದು ನಿಂತ. ಹಿಂದಿನಿಂದ ಅವನಿಗೆ ಉಸಿರು ತುಂಬ್ತೀರಾ ಚಿಕ್ಕಮ್ಮ ಅಂತ ಕೇಳಿದೆ. ಇಲ್ಲ, ಔಷಧಿ ಕುಟ್ಟೋ ಕಲ್ಲು ತಗೊಂಡು ಅದರ ಮೂಗಿಗೆ ಬಾರಿಸ್ತೀನಿ ಅಂದಳು. ಮಗ್ಗಿಗೆ ಕೈ ಹಾಕಿ ಎಷ್ಟು ಹೊತ್ತು ಕಲಸಿದಳು ಅಂದರೆ ಮಾಮ, ಅದೇನು ಹಿಟ್ಟಾ, ತೆಗೀಮ್ಮ ಅಂತ ಕೂಗಿದ. ತೆಗೆದಳು. ಹತ್ತೊಂಬತ್ತು! ಮೂವರೂ ಎದ್ದು ಕಿರುಚಿದ ಸದ್ದಿಗೆ ಗೇಟಿನ ಕಾವಲುಗಾರ ಓಡಿ ಬಂದ, ಯಾರಿಗಾದರೂ ಹೊಲಿಗೆ ಮಿಷನ್ನಿನ ಸೂಜಿ ಚುಚ್ಚಿತಾ ಅಂತ. ಮುಂದಿನ ವಾರದಿಂದ ಅವನೂ ಬರ್ತಾನಂತೆ.

ರೂಮಿಗೆ ಬಂದು ಬ್ಯಾಗು ಖಾಲಿ ಮಾಡಿದೆ. ಗೋಡೆಯಲ್ಲಿ ಒಂದು ಕಪಾಟಿದೆ, ಇಷ್ಟು ದಿನ ರೂಮಿನವಳೇ ಪೂರ್ತಿ ಹರಡ್ಕೊಂಡಿದ್ದಳು. ಅರ್ಧ ನನ್ನದು ಅಂದೆ. ಅಂತೂ ಕೇಳಿದ್ಯಲ್ಲ ಅಂದಳು. ಬೆಳಿಗ್ಗೆ ಸೂಪರ್‌ವೈಸರಿಗೂ ಹೇಳಬೇಕು, ಬಿಡಲ್ಲ ಅಂತ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಕಥೆ ನಡೆಸೋನ ಕುರ್ಚಿ ಎಷ್ಟು ಚುಚ್ಚುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಎದುರಿಗೆ ಕೂತು ನೋಡಿದಾಗ ನೀನು ರಾಜನ ಹಾಗೆ ಕಾಣ್ತಿದ್ದೆ. ಹಾಗಂತ ನಿನ್ನ ಕಾನೂನು ಸರಿ ಅಂತಲ್ಲ. ನಿನ್ನದೂ ತಪ್ಪೇ. ನನ್ನದು ಅದರ ಉಲ್ಟಾ ತಪ್ಪು, ಅಷ್ಟೇ ವ್ಯತ್ಯಾಸ. ನೀನು ಹದಿನೇಳು ವರ್ಷದವನಿದ್ದಾಗ ಶುರು ಮಾಡಿದ್ದು. ನಾನು ಇಪ್ಪತ್ತಮೂರಕ್ಕೂ ಕೆಡಿಸಿದೆ.

ಆಟ ಮತ್ತೆ ಶುರು ಮಾಡ್ತೀಯಾ? ಭಾವನನ್ನ ಒಪ್ಪಿಸು, ಅವನಿಗೆ ಏನು ಬೇಕೋ ಆ ಮೆಟ್ಟಿಲು ಕೊಡು. ನಾನು ಫೋನಲ್ಲೇ ಬರ್ತೀನಿ, ಭಾನುವಾರ ಬೆಳಿಗ್ಗೆ ಬಿಡುವಿರುತ್ತೆ. ಮೂರನೇ ಮೆಟ್ಟಿಲಿಂದಲೇ ಬರ್ತೀನಿ. ನಿನ್ನ ಕುತ್ತಿಗೆ ನೋವು ಹೇಗಿದೆ? ಕಟಿಂಗ್ ಮಿಷನ್ನಿನ ಮುಂದೆ ಬಗ್ಗಿ ನಿಲ್ಲಬೇಡ ಅಂತ ಎಷ್ಟು ಸಲ ಹೇಳೋದು.

ಈಗಲೂ ಅದೇ ಎತ್ತರದ,
ನಿನ್ನ ಕುಳ್ಳಿ

ಮರೆತಿದ್ದೆ: ಮರೆತಿರಲಿಲ್ಲ, ಧೈರ್ಯ ಬರಲಿ ಅಂತ ಕೊನೆಗೆ ಇಟ್ಟಿದ್ದೆ. ಆ ದಿನ ನಾನು ಹರಿದು ನಿನ್ನ ಟೀಗೆ ಹಾಕಿದ್ದು ನನ್ನ ಹಾಳೆ ಅಲ್ಲ. ಭಾವನದು. ಬೇಕಂತಲೇ ಹರಿದೆ. ನೀನು ಪ್ರೆಸ್ಸೆಲ್ಲ ಹುಡುಕಿದ್ದು, ಅವನ ಬಾಯಿಗೆ ಸಿಕ್ಕಿದ್ದು ಎಲ್ಲ ನನ್ನಿಂದ. ನನ್ನ ವೈದ್ಯೆಯ ಹಾಳೆ ಅವತ್ತೇ ಮಡಿಸಿ ಎತ್ಕೊಂಡಿದ್ದೆ, ಇಷ್ಟು ದಿನವೂ ಅವಳು ನನ್ನ ಫೋನಿನ ಕವರಿನೊಳಗೆ ಇದ್ದಳು. ಇವತ್ತು ಚಿಕ್ಕಮ್ಮ ತೋರಿಸು ಅಂದಾಗ ಮೊದಲ ಸಲ ಹೊರಗೆ ತೆಗೆದೆ. ಹಿಂದೆ ಪೆನ್ಸಿಲಲ್ಲಿ ಸಣ್ಣಸಣ್ಣ ಗೆರೆ ಇದೆ, ನೀನು ಪ್ರೆಸ್ಸಲ್ಲಿ ಕಟ್ಟು ಎಣಿಸೋ ಹಾಗೆ ಐದೈದರ ಗುಂಪು. ಒಟ್ಟು ನಲವತ್ತೊಂದು. ಕೊನೆಯ ಮೂರು ಮಾತ್ರ ಕೆಂಪು ಪೆನ್ನಿನವು. ಎಷ್ಟು ಗೆರೆಗೆ ಒಂದು ಮೆಟ್ಟಿಲು ಕೊಡೋಣ ಅಂತ ಇದ್ದೆ ಅಣ್ಣಾ? ಈಗ ಕೊಡಬೇಡ, ಸುಮ್ಮನೆ ಕೇಳಿದೆ.